ಕೈಯಲ್ಲೇ ಉಳಿಸಿದ ಕಾರ್ಡ್

ಇವತ್ತು ನಾನು ಮ್ಯಾಜಿಕ್ (ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ) ಆಡ್ತಿದ್ದ ಲೈವ್ ಸ್ಟ್ರೀಮ್ ಮಧ್ಯೆ ನೋಡ್ತಿದ್ದ ಒಬ್ಬರು ಕೇಳಿದ್ರು, "ಆ ಕಾರ್ಡ್ ಯಾಕೆ ಆಡ್ಲಿಲ್ಲ? ಕೈಯಲ್ಲೇ ಇಟ್ಕೊಂಡಿದ್ದೀರಲ್ಲ?"

ಆಡ್ತಾ ಆಡ್ತಾನೇ ಹೇಳಿದೆ. ಎದುರಾಳಿ ಎರಡು ಮನಾ (ಕಾರ್ಡ್ ಆಡೋಕೆ ಖರ್ಚು ಮಾಡೋ ಶಕ್ತಿ) ಹಾಗೇ ಉಳಿಸ್ಕೊಂಡು ಟರ್ನ್ ಬಿಟ್ಟಿದ್ದಾರೆ. ನಾನು ಆಡೋ ಕಾರ್ಡನ್ನ ರದ್ದು ಮಾಡೋ ಕೌಂಟರ್ ಕೈಯಲ್ಲಿ ಇರಬೇಕು. ಮೊದಲು ಒಂದು ಸಣ್ಣ ಕಾರ್ಡ್ ಬಿಡೋಣ, ಅದರ ಮೇಲೆ ಖರ್ಚು ಮಾಡ್ಲಿ.
ಮಾಡಿದ್ರು. ಆಮೇಲೆ ನನ್ನ ಕಾರ್ಡ್ ಇಳೀತು.

ಗೆದ್ದಿದ್ದಕ್ಕಿಂತ ಆ ಪ್ರಶ್ನೆಯೇ ಹೆಚ್ಚು ಖುಷಿ ಕೊಡ್ತು. ಮ್ಯಾಜಿಕ್‌ನ 60 ಕಾರ್ಡಿನ ಡೆಕ್‌ನಲ್ಲಿ ಒಂದೇ ಕಾರ್ಡಿನ 4 ಪ್ರತಿ ಇದ್ರೂ ಶುರುವಲ್ಲಿ ಕೈಗೆ ಬರೋ 7 ಕಾರ್ಡ್‌ಗಳಲ್ಲಿ ಅದು ಸಿಗೋ ಸಾಧ್ಯತೆ ಸುಮಾರು ಶೇ. 40 ಅಷ್ಟೇ. ಎಷ್ಟೇ ಚೆನ್ನಾಗಿ ಆಡಿದ್ರೂ ಸೋಲು ಇದ್ದೇ ಇರುತ್ತೆ. ಜನ ಕೂತು ನೋಡೋದು ನಾವು ಹೇಗೆ ಯೋಚಿಸ್ತೀವಿ ಅಂತ.

ಕಷ್ಟ ಶುರುವಾಗೋದು ಟೂರ್ನಮೆಂಟ್ ಹತ್ರ ಬಂದಾಗ. ಹೊಸ ಡೆಕ್ ಲೈವ್‌ನಲ್ಲಿ ತೋರಿಸಿದ್ರೆ ಎದುರಾಳಿಗಳು ತಯಾರಾಗಿ ಬರ್ತಾರೆ. ಲೈವ್ ಬಿಟ್ಟು ಅಭ್ಯಾಸಕ್ಕೆ ಕೂತ್ರೆ ಸಬ್‌ಸ್ಕ್ರೈಬರ್‌ಗಳು ಕರಗ್ತಾರೆ, ಸಂಪಾದನೆಯೂ. (ಡಿಲೇ ಹಾಕಿದ್ರೆ, ಅಂದ್ರೆ ಲೈವ್ ಸ್ವಲ್ಪ ತಡವಾಗಿ ತೋರಿಸಿದ್ರೆ, ಕೈಯಲ್ಲಿರೋ ಕಾರ್ಡ್ ಕದ್ದು ನೋಡೋರನ್ನ ತಡೀಬಹುದು, ಡೆಕ್ ಬಚ್ಚಿಡೋಕಾಗಲ್ಲ.)

2009 ಮತ್ತು 2012ರಲ್ಲಿ ಮ್ಯಾಜಿಕ್‌ನ ದೊಡ್ಡ ಟೂರ್ನಮೆಂಟ್ ಪ್ರೋ ಟೂರ್ ಗೆದ್ದ ಬ್ರಯಾನ್ ಕಿಬ್ಲರ್ ಮುಂದೆ ಹಾರ್ತ್‌ಸ್ಟೋನ್ ಅನ್ನೋ ಡಿಜಿಟಲ್ ಕಾರ್ಡ್ ಆಟದ ಸ್ಟ್ರೀಮರ್ ಆಗಿಯೂ ಹೆಸರು ಮಾಡಿದ್ರು. ಅದು ನನಗೆ ದೊಡ್ಡ ಧೈರ್ಯ.

ಟೂರ್ನಮೆಂಟ್‌ಗೆ ಡೆಕ್ ಪಟ್ಟಿ ಸಲ್ಲಿಸೋವರೆಗೂ ಹಳೇ ಡೆಕ್‌ನಲ್ಲೇ ಲೈವ್ ಬರ್ತೀನಿ. ಹೀಗೇ ಕೇಳ್ತಾ ಇರಿ.