ತುತ್ತು ಯಾರ ಬಾಯಿಗೆ: ಸ್ಟರ್ಲೆಟ್ ತೊಟ್ಟಿಯ ಮುಂದೆ ಕಳೆದ ಒಂದು ದಿನ

ಹೀಟರ್ ಇಲ್ಲದ ತಣ್ಣೀರಿನ ತೊಟ್ಟಿಯಲ್ಲಿ, ತಳದಲ್ಲಿ ಆಹಾರ ಹುಡುಕುವ ಸ್ಟರ್ಜನ್ ಎಂಬ ಉದ್ದ ಮೂತಿಯ ಮೀನನ್ನು ಸಾಕುವವರು ಅದರ ಜೊತೆಗೆ ಬೇರೆ ಯಾವ ಮೀನು ಬಿಡಬಹುದು ಎಂದು ವಿಚಾರಿಸುವಾಗ, ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಜಗಳದ ಅಂಜಿಕೆ. ಯಾವುದು ಯಾವುದನ್ನು ಕಚ್ಚೀತು, ಯಾವುದು ಯಾವುದನ್ನು ನುಂಗೀತು ಎಂಬ ಲೆಕ್ಕಾಚಾರದಲ್ಲಿಯೇ ಮಾತು ಮುಗಿದುಹೋಗುತ್ತದೆ. ನಾನೂ ಬಹುಕಾಲ ಹಾಗೆಯೇ ಯೋಚಿಸುತ್ತಿದ್ದೆ. ಪರಿಚಿತರೊಬ್ಬರು ತಮ್ಮ ತೊಟ್ಟಿಗೆ ಇನ್ನಷ್ಟು ಮೀನು ಸೇರಿಸುವ ಉತ್ಸಾಹದಲ್ಲಿ, ಆಯ್ಕೆಗೆ ಜೊತೆಯಾಗಿರಲೆಂದು ನನ್ನನ್ನು ಕರೆದಿದ್ದರು. ಆ ದಿನವಿಡೀ ಅವರ ತೊಟ್ಟಿಯ ಮುಂದೆ ಕುಳಿತ ಮೇಲೆ, ಯಾವುದೇ ಮೀನಿನ ಹೆಸರು ಬಂದರೂ ತಳಕ್ಕೆ ಬಿದ್ದ ತುತ್ತು ಮೊದಲು ಯಾರ ಬಾಯಿಗೆ ಸೇರುತ್ತದೆ ಎಂದು ಕೇಳುವುದು ನನಗೆ ರೂಢಿಯಾಗಿದೆ.

ಅವರ ಬಳಿ ಇದ್ದದ್ದು ಎಳೆಯ ಸ್ಟರ್ಲೆಟ್‌ಗಳು. ಸ್ಟರ್ಜನ್ ಕುಲದ ಚಿಕ್ಕ ಜಾತಿಗಳಲ್ಲಿ ಇದೂ ಒಂದು ಎಂದು ಹೇಳಿ ಇದನ್ನು ತೊಟ್ಟಿಗೆ ಶಿಫಾರಸು ಮಾಡುವುದುಂಟು. ಆದರೆ ಡ್ಯಾನ್ಯೂಬ್, ವೋಲ್ಗಾದಂತಹ ದೊಡ್ಡ ನದಿಗಳ ಈ ಮೀನು ಚೆನ್ನಾಗಿ ಬೆಳೆದರೆ ಒಂದು ಮೀಟರ್ ಮುಟ್ಟಬಲ್ಲದು ಎಂಬುದನ್ನು ಆ ಮಾತಿನ ಜೊತೆಯಲ್ಲಿಯೇ ಹೇಳಬೇಕು. ಇದಕ್ಕೆ ಬೇಕಾದದ್ದು ನೀರಿನ ಎತ್ತರಕ್ಕಿಂತ ಹೆಚ್ಚಾಗಿ ತಳದ ವಿಸ್ತಾರ, ಅಂದರೆ ಮೈ ಮಡಿಸದೆ ತಿರುಗಿಕೊಳ್ಳಲು ಸಾಕಾಗುವಷ್ಟು ಅಗಲ. ಅವರ ತೊಟ್ಟಿ ಗಾಜಿನ ಮುಖವಿರುವ, ಒಳಾಂಗಣದ ಕೊಳವೆಂದೇ ಹೇಳಬಹುದಾದಷ್ಟು ದೊಡ್ಡದಾಗಿತ್ತು. ಇಲ್ಲದಿದ್ದರೆ ಜೊತೆ ಮೀನಿನ ಮಾತನ್ನೇ ಎತ್ತುವಂತಿರಲಿಲ್ಲ.

ಮೊದಲು ಥರ್ಮಾಮೀಟರ್ ನೋಡಿದೆವು. ಹೀಟರ್ ಇಲ್ಲ ಎಂದ ಮಾತ್ರಕ್ಕೆ ನೀರು ತಣ್ಣಗಿರುತ್ತದೆ ಎಂದೇನಿಲ್ಲ; ಕೋಣೆ ಎಷ್ಟು ಬೆಚ್ಚಗಿದೆಯೋ ನೀರೂ ನಿಧಾನವಾಗಿ ಅಷ್ಟೇ ಬೆಚ್ಚಗಾಗುತ್ತದೆ, ಅದರ ಮೇಲೆ ಪಂಪು ಮತ್ತು ದೀಪಗಳ ಶಾಖವೂ ಸೇರಿಕೊಳ್ಳುತ್ತದೆ. ಸ್ಟರ್ಲೆಟ್ ನೆಮ್ಮದಿಯಾಗಿರುವುದು ಸುಮಾರು 10ರಿಂದ 20 ಡಿಗ್ರಿ ಸೆಲ್ಸಿಯಸ್‌ನೊಳಗೆ. ಬಿಸಿ ಏರಿದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ, ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಮಾತ್ರ ಕಡಿಮೆಯಾಗುತ್ತದೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಬಲ್ಲದ್ದು 25 ಡಿಗ್ರಿಗೆ ಬರುವಾಗ ಎಂಟರ ಆಸುಪಾಸಿಗೆ ಇಳಿದಿರುತ್ತದೆ. ಆದ್ದರಿಂದ ಬೆಚ್ಚನೆಯ ನೀರಿಲ್ಲದೆ ಬದುಕದ ಮೀನುಗಳ ಹೆಸರುಗಳೆಲ್ಲ ಅವರ ಆಯ್ಕೆಯ ಪಟ್ಟಿಯಿಂದ ಚರ್ಚೆಯಿಲ್ಲದೆ ಹೋದವು.

ಊಟದ ಹೊತ್ತಿಗೆ ನಿಜವಾದ ವಿಷಯ ಕಾಣಿಸಿತು. ಆ ತೊಟ್ಟಿಯಲ್ಲಿ ಆಗಲೇ ಕಾಮೆಟ್ ತಳಿಯ ಗೋಲ್ಡ್ ಫಿಶ್‌ಗಳಿದ್ದವು. ಅವುಗಳಿಗೂ ಸ್ಟರ್ಲೆಟ್‌ಗಳಿಗೂ ಎಂದೂ ಒಂದು ಸಣ್ಣ ತಳ್ಳಾಟವೂ ಆಗಿರಲಿಲ್ಲ. ಮನೆಯವರು ಮುಳುಗುವ ಗುಳಿಗೆಗಳನ್ನು ಒಂದು ಹಿಡಿ ಹಾಕಿದರು. ಗೋಲ್ಡ್ ಫಿಶ್‌ಗಳು ಅರ್ಧದಾರಿಯಲ್ಲಿಯೇ ಒಂದಿಷ್ಟನ್ನು ಕಬಳಿಸಿ, ಉಳಿದವುಗಳ ಬೆನ್ನು ಹಿಡಿದು ತಳಕ್ಕೆ ಇಳಿದವು. ಅಷ್ಟರಲ್ಲಿ ಒಂದು ಸ್ಟರ್ಲೆಟ್ ವಾಸನೆ ಹಿಡಿದು ಬಂದಿತು. ಅದರ ಕಣ್ಣು ಮಂದ. ಉದ್ದನೆಯ ಮೂತಿಯ ಅಡಿಯಲ್ಲಿ ಜೋತಾಡುವ ನಾಲ್ಕು ಮೀಸೆಗಳಿಂದ ತಳವನ್ನು ಸವರುತ್ತಾ ಬರುವುದು ಅದರ ಕ್ರಮ. ಮೀಸೆಯೊಂದು ಗುಳಿಗೆಗೆ ತಾಗಿತು. ಬಾಯಿ ಇರುವುದು ಮೀಸೆಗಳ ಹಿಂದೆ, ಮೈಯ ಅಡಿಭಾಗದಲ್ಲಾದ್ದರಿಂದ ಮೀನು ಇನ್ನೂ ಒಂದಿಷ್ಟು ಮುಂದೆ ಸಾಗಬೇಕು. ಆಮೇಲೆ ಹಲ್ಲಿಲ್ಲದ ಆ ಬಾಯಿ ಕೊಳವೆಯಂತೆ ಕೆಳಗೆ ಚಾಚಿಕೊಂಡು ತುತ್ತನ್ನು ಹೀರಿಕೊಳ್ಳುತ್ತದೆ. ಮೀಸೆ ತಾಗಿದ್ದಕ್ಕೂ ಬಾಯಿ ಚಾಚಿದ್ದಕ್ಕೂ ನಡುವೆ ಇದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರೊಳಗೆ ಒಂದು ಕಾಮೆಟ್ ತಲೆ ತೂರಿಸಿ ಗುಳಿಗೆಯನ್ನು ಎತ್ತಿಕೊಂಡು ಹೋಗಿತ್ತು. ಸ್ಟರ್ಲೆಟ್ ಬರಿಯ ಮರಳನ್ನು ಹೀರಿ ಉಗುಳಿತು. ಮುಂದೆ ಹೋಗಿ, ತಿರುಗಿ, ಮತ್ತೆ ಅದೇ ಜಾಗಕ್ಕೆ ಬಂದು ಸವರಿತು. ಹಿಂದಕ್ಕೆ ಈಜುವುದು ಅದಕ್ಕೆ ಸುಲಭವಲ್ಲವಾದ್ದರಿಂದ, ತಪ್ಪಿದ ತುತ್ತಿಗೆ ಪ್ರತಿ ಸಲವೂ ಒಂದು ಸುತ್ತು ಹಾಕಿಯೇ ಬರಬೇಕು.

ಮೇಲಿನಿಂದ ಬಗ್ಗಿ ನೋಡಿದಾಗ ಸ್ಟರ್ಲೆಟ್‌ಗಳ ಸ್ಥಿತಿ ಇನ್ನಷ್ಟು ಸ್ಪಷ್ಟವಾಯಿತು. ತಲೆಯ ಹಿಂದೆ ಮೈ ತುಂಬಿಕೊಂಡು ಹೋಗಬೇಕಾದಲ್ಲಿ ಒಮ್ಮೆಲೇ ಸಣ್ಣಗಾಗಿತ್ತು. ಬದಿಯ ಮೂಳೆಫಲಕಗಳ ಸಾಲು ಉಬ್ಬಿ, ಅದರ ಕೆಳಗೆ ಹೊಟ್ಟೆ ಒಳಸರಿದಿತ್ತು. ಗಾಜಿನ ಮುಂದೆ ನಿಂತು ನೋಡುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಸ್ಟರ್ಜನ್ ಹಸಿವಿದ್ದರೂ ಸದಾ ಈಜುತ್ತಲೇ ಇರುತ್ತದೆ, ಚುರುಕಾಗಿಯೇ ಇರುವಂತೆ ತೋರುತ್ತದೆ. “ಜಗಳವೇ ಇಲ್ಲವಲ್ಲ, ಎಷ್ಟು ಹೊಂದಿಕೊಂಡಿವೆ ನೋಡಿ” ಎಂದು ಅವರು ಬೆಳಿಗ್ಗೆಯಷ್ಟೇ ಹೇಳಿದ್ದರು. ಮೇಲಿನಿಂದ ನೋಡಿದ ಮೇಲೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗೋಲ್ಡ್ ಫಿಶ್‌ಗಳಿಗೆ ಹಾಕುವ ಆಹಾರದಲ್ಲಿ ಧಾನ್ಯದ ಅಂಶ ಹೆಚ್ಚು. ಸ್ಟರ್ಜನ್‌ಗೆ ಬೇಕಾದದ್ದು ಮೀನು, ಸೀಗಡಿಗಳಂತಹ ಮೂಲದಿಂದ ಬಂದ, ಪ್ರೋಟೀನು ಮತ್ತು ಕೊಬ್ಬು ತುಂಬಿದ ಗುಳಿಗೆ. ಆದ್ದರಿಂದ ಗೋಲ್ಡ್ ಫಿಶ್‌ಗಳ ಎಂಜಲಿನಿಂದ ಸ್ಟರ್ಲೆಟ್ ಬದುಕೀತು ಎಂಬ ಭರವಸೆಯೂ ಇಲ್ಲ.

ಆ ಬಳಿಕ ಪಟ್ಟಿ ಬೇಗ ಬೇಗ ಕರಗಿತು. ಕೋಯಿ ಎಂಬ ಬಣ್ಣದ ಕಾರ್ಪ್ ತಳವನ್ನು ಗುಡಿಸಿದಂತೆ ತಿನ್ನುವ, 60 ಸೆಂಟಿಮೀಟರಿಗೂ ಮೀರಿ ಬೆಳೆಯುವ ಮೀನು. ಗೋಲ್ಡ್ ಫಿಶ್‌ನ ತೊಂದರೆಯೇ ಅದರಲ್ಲಿ ನಾಲ್ಕು ಪಟ್ಟು. ತೊಟ್ಟಿಯ ಪಾಚಿಯನ್ನು ಇದು ತಿನ್ನುತ್ತದೆ ಎಂದು ಮಾರುವ, ಬಾಯಿಂದ ಅಂಟಿಕೊಳ್ಳುವ ಜಾತಿಗಳು ನನಗೆ ಮೊದಲಿನಿಂದಲೂ ಇಷ್ಟವಿಲ್ಲ: ಅವುಗಳಲ್ಲಿ ಕೆಲವು ರಾತ್ರಿ ಹೊತ್ತಿನಲ್ಲಿ ಬೇರೆ ಮೀನಿನ ಮೈಗೆ ಅಂಟಿಕೊಂಡು ಲೋಳೆಯನ್ನು ಕೆರೆಯುತ್ತವೆ, ಮೂಳೆಫಲಕಗಳ ನಡುವೆ ಹುರುಪೆಯ ಕವಚವಿಲ್ಲದ ಸ್ಟರ್ಜನ್ ಅದಕ್ಕೆ ಸುಲಭದ ಗುರಿ. ವೈಟ್ ಕ್ಲೌಡ್ ಮಿನ್ನೋಗಳಿಗೆ ತಣ್ಣೀರು ಹಿತವೇನೋ ಹೌದು, ಆದರೆ ನಾಲ್ಕು ಸೆಂಟಿಮೀಟರಿನ ಮೀನು ಬೆಳೆದ ಸ್ಟರ್ಲೆಟ್‌ನ ಬಾಯಿಗೆ ಒಂದು ತುತ್ತಷ್ಟೇ. ಸ್ಟರ್ಲೆಟ್ ಬೇಟೆಯಾಡುವುದಿಲ್ಲವಾದರೂ ತಳದಲ್ಲಿ ವಿಶ್ರಮಿಸುವ ಪುಟ್ಟ ಮೀನನ್ನು ಹುಳುವಿನಿಂದ ಬೇರ್ಪಡಿಸಿ ನೋಡುವುದೂ ಇಲ್ಲ.

ಟೆಂಚ್ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಸ್ವಲ್ಪ ವಾದವೇ ನಡೆಯಿತು. ಸಾಧು ಸ್ವಭಾವದ, ತಣ್ಣೀರಿನ, ಗಟ್ಟಿ ಮೀನು. ಆಮ್ಲಜನಕ ಕಡಿಮೆಯಾದರೂ ತಡೆದುಕೊಳ್ಳುತ್ತದೆ ಎಂದು ಅವರು ಅದರ ಪರ ವಹಿಸಿದರು. ನನಗೆ ಆ ಗಟ್ಟಿತನವೇ ಅದರ ದೋಷವಾಗಿ ಕಂಡಿತು. ಸ್ಟರ್ಲೆಟ್ ಏದುಸಿರು ಬಿಡುವ ನೀರಿನಲ್ಲಿಯೂ ಟೆಂಚ್ ಆರಾಮವಾಗಿ ಇರುವುದರಿಂದ ಅದನ್ನು ನೋಡಿ ಮಾಲೀಕ ನಿಶ್ಚಿಂತನಾಗಿಬಿಡುವ ಅಪಾಯವಿದೆ. ಮೇಲಾಗಿ ಅದೂ ತಳದ ಮೀನು, ಅದೂ ಕತ್ತಲಾದ ಮೇಲೆ ಆಹಾರ ಹುಡುಕುವಂಥದ್ದು. ಸ್ಟರ್ಲೆಟ್‌ಗಳು ಮೈ ತುಂಬಿಕೊಳ್ಳುವವರೆಗೆ ಅದು ಬೇಡವೆಂದು ಕೊನೆಗೆ ಅವರೂ ಒಪ್ಪಿದರು.

ಉಳಿದದ್ದು ಚಿನ್ನದ ಬಣ್ಣದ ಓರ್ಫ್. ಇದು ನೀರಿನ ಮೇಲ್ಭಾಗದಲ್ಲಿ ಗುಂಪಾಗಿ ವೇಗವಾಗಿ ಈಜುತ್ತಿರುತ್ತದೆ, ಊಟವನ್ನೂ ಅಲ್ಲಿಯೇ ಮುಗಿಸಲು ನೋಡುತ್ತದೆ. ಅದಕ್ಕೂ ತಂಪಾದ, ಆಮ್ಲಜನಕ ತುಂಬಿದ, ಹರಿವಿರುವ ನೀರೇ ಬೇಕು. ನೀರು ಕೆಟ್ಟರೆ ಬೇಗನೆ ಬಳಲುವ ಮೀನುಗಳಲ್ಲಿ ಅದೂ ಒಂದು. ಹೀಗೆ ಸ್ಟರ್ಲೆಟ್‌ಗೆ ಆಗದ್ದು ಅದಕ್ಕೂ ಆಗದೆ, ಮೇಲ್ಮೈಯಲ್ಲಿ ಕಣ್ಣಿಗೆ ಬೀಳುವಂತೆ ಚಡಪಡಿಸಿದರೆ ಮಾಲೀಕನಿಗೆ ಮುನ್ಸೂಚನೆ ಸಿಕ್ಕಂತೆ. ಇದರ ತೊಡಕುಗಳನ್ನೂ ಹೇಳಿದೆ: ಅದು 40 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು, ಬೆಚ್ಚಿದರೆ ತೊಟ್ಟಿಯಿಂದ ಹೊರಕ್ಕೆ ಜಿಗಿಯುತ್ತದೆ, ಒಂಟಿಯಾಗಿಟ್ಟರೆ ಗಾಬರಿಗೊಳ್ಳುತ್ತದೆ. ಹಾಗಾಗಿ ಒಂದು ಸಣ್ಣ ಗುಂಪು, ಅದೂ ಭದ್ರವಾದ ಮುಚ್ಚಳ ಮಾಡಿಸಿದ ಮೇಲೆ. ತಂದ ಮೇಲೂ ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿಯೇ ಸೇರಿಸುವುದು. ಮಾಮೂಲಿ ಮೀನಿನ ಔಷಧಿಗಳಲ್ಲಿ ಕೆಲವು ಸ್ಟರ್ಜನ್‌ಗೆ ಒಗ್ಗುವುದಿಲ್ಲವಾದ್ದರಿಂದ, ರೋಗವನ್ನು ತೊಟ್ಟಿಯ ಹೊರಗೇ ತಡೆಯುವುದು ಇಲ್ಲಿ ಹೆಚ್ಚು ಮುಖ್ಯ.

ಊಟದ ಕ್ರಮವನ್ನು ಅದೇ ಸಂಜೆ ಬದಲಾಯಿಸಿದೆವು. ತೊಟ್ಟಿಯ ಒಂದು ತುದಿಯಲ್ಲಿ ತೇಲುವ ಆಹಾರ ಹಾಕಿ ಗೋಲ್ಡ್ ಫಿಶ್‌ಗಳನ್ನು ಅಲ್ಲಿಗೆ ಸೆಳೆದು, ಇನ್ನೊಂದು ತುದಿಯಲ್ಲಿ ತಳದವರೆಗೆ ಇಳಿಬಿಟ್ಟ ಅಗಲವಾದ ಪ್ಲಾಸ್ಟಿಕ್ ಪೈಪಿನೊಳಗಿಂದ ಸ್ಟರ್ಲೆಟ್‌ಗಳ ಗುಳಿಗೆಗಳನ್ನು ಬಿಟ್ಟೆವು. ದೀಪ ಆರಿಸಿದ ಮೇಲೆ ಮತ್ತೊಂದು ಸಲ ಹಾಗೆಯೇ ಮಾಡಿದೆವು. ಕತ್ತಲಲ್ಲಿ ಗೋಲ್ಡ್ ಫಿಶ್ ಮಂಕಾಗುತ್ತದೆ, ಸ್ಟರ್ಲೆಟ್‌ಗೆ ಕತ್ತಲಿನಿಂದ ಯಾವ ನಷ್ಟವೂ ಇಲ್ಲ. ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ಪೈಪಿನ ಬಾಯಿಯ ಸುತ್ತ ಅವು ಒಂದಾದ ಮೇಲೊಂದು ಗುಳಿಗೆಯನ್ನು ಹೀರಿಕೊಳ್ಳುತ್ತಿದ್ದವು.

ಗೋಲ್ಡ್ ಫಿಶ್‌ಗಳನ್ನು ಬೇರೆ ತೊಟ್ಟಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ತಳದಲ್ಲಿ ಇಷ್ಟು ಜಾಗ ಖಾಲಿ ಬಿದ್ದಿರುವಾಗ ಒಂದಾದರೂ ಬಣ್ಣದ ಮೀನು ಬೇಡವೇ ಎಂದು ಅವರು ಹೊರಡುವಾಗಲೂ ಕೇಳಿದರು. ಆ ಜಾಗ ಖಾಲಿಯಲ್ಲ, ಸ್ಟರ್ಲೆಟ್‌ಗಳು ಬೆಳೆಯಲಿಕ್ಕೆ ಇಟ್ಟದ್ದು ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಮುಚ್ಚಳಕ್ಕೆ ಅಳತೆ ತೆಗೆಯುವುದನ್ನಂತೂ ಆಗಲೇ ಆರಂಭಿಸಿದ್ದರು.