ಹೀಟರ್ ನೋಡುವ ಮೊದಲು ಜಾಗ ನೋಡಿ

ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ನವೆಂಬರ್ ಬಂತು ಅಂದ್ರೆ ಸುತ್ತಲಿನ ಹೋಂಸ್ಟೇಯವರು ಕೇಳುವುದು ಒಂದೇ: ಹೊರಗೆ ಕೂರುವ ಜಾಗಕ್ಕೆ ಯಾವ ಗ್ಯಾಸ್ ಹೀಟರ್ ತಗೊಳ್ಳಲಿ? ನಾನು ಯಾವ ಕಂಪನಿಯ ಹೆಸರೂ ಹೇಳುವುದಿಲ್ಲ, ಮೊದಲು ಜಾಗ ತೋರಿಸಿ ಅನ್ನುತ್ತೇನೆ. ಗಾಳಿ ಯಾವ ಕಡೆಯಿಂದ ಬರುತ್ತದೆ, ತಲೆಯ ಮೇಲೆ ಏನಿದೆ, ಸುತ್ತ ಎಷ್ಟು ತೆರೆದಿದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಕೊಡೆಯಂತೆ ತಲೆ ಇರುವ ಎತ್ತರದ ಹೀಟರ್ ಇದೆಯಲ್ಲ, ಅದು ಸುತ್ತಲಿನ ಗಾಳಿಯನ್ನು ಬಿಸಿ ಮಾಡಲು ಇರುವುದಲ್ಲ. ಕೆಂಪಗೆ ಕಾದ ಜಾಲರಿಯ ಶಾಖ ನೇರವಾಗಿ ಮೈಗೆ ತಾಗಬೇಕು. ಗುಡ್ಡದ ಅಂಚಿನಲ್ಲಿ ಗಾಳಿ ಬೀಸುವ ಕಡೆ ಇಟ್ಟರೆ ಜ್ವಾಲೆ ಹೊಯ್ದಾಡುತ್ತದೆ, ಜಾಲರಿ ಸರಿಯಾಗಿ ಕಾಯುವುದೇ ಇಲ್ಲ, ಗ್ಯಾಸ್ ಮಾತ್ರ ಸುಮ್ನೆ ಖರ್ಚು. ಒಂದು ಬದಿಗೆ ಗೋಡೆಯೋ ದಟ್ಟ ಬೇಲಿಯೋ ಇದ್ದರೆ ಅದೇ ಹೀಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಜಿನ ಕೊಳವೆಯಲ್ಲಿ ಬೆಂಕಿ ಕಾಣುವ ಪಿರಮಿಡ್ ಹೀಟರ್ ಫೋಟೋಗೆ ಚಂದ, ಆದರೆ ಅದರ ಬಿಸಿ ಪಕ್ಕದಲ್ಲೇ ಕೂತವರಿಗೆ ಮಾತ್ರ.

ಖರ್ಚಿನ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಿ. ದೊಡ್ಡ ಹೀಟರ್‌ಗಳು ಸಾಮಾನ್ಯವಾಗಿ 13 ಕಿಲೋವ್ಯಾಟ್ ಆಸುಪಾಸು ಇರುತ್ತವೆ. ಪೂರ್ತಿ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಕೆಜಿ ಗ್ಯಾಸ್ ಬೇಕು. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಸುಮಾರು 20 ಗಂಟೆ ಬರುತ್ತದೆ. ನಾಲ್ಕು ಹೀಟರ್ ಇಟ್ಟು ಸಂಜೆ ಹೊತ್ತು ನಾಲ್ಕು ಗಂಟೆ ಕಾಲ ಉರಿಸಿದರೆ ಒಂದೇ ರಾತ್ರಿಗೆ ಒಂದು ಸಿಲಿಂಡರ್ ಬಹುತೇಕ ಖಾಲಿ. ಮನೆಯ 14.2 ಕೆಜಿ ಸಿಲಿಂಡರನ್ನು ಅತಿಥಿಗಳಿಗೆ ಬಳಸುವಂತಿಲ್ಲ, ಹಾಗಾಗಿ ಕಮರ್ಷಿಯಲ್ ರೇಟಿನಲ್ಲೇ ಲೆಕ್ಕ ಮಾಡಿ. 19 ಕೆಜಿ ಸಿಲಿಂಡರ್ ಹೀಟರಿನ ಬುಡದಲ್ಲಿ ನೆಟ್ಟಗೆ ಕೂರುತ್ತದಾ ಅಂತ ಅಂಗಡಿಯಲ್ಲೇ ಟೇಪ್ ಹಿಡಿದು ನೋಡಿ. ಮಲಗಿಸಿ ಬಳಸಲೇಬಾರದು.

ರೆಗ್ಯುಲೇಟರ್ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಅಡುಗೆಮನೆಯ ದೊಡ್ಡ ಒಲೆಗೆ ಹಾಕುವ, ತಿರುಗಿಸಿದರೆ ಒತ್ತಡ ಏರುವ ರೆಗ್ಯುಲೇಟರನ್ನು ಹುಡುಗರು ತಂದು ಹೀಟರ್‌ಗೆ ಸಿಕ್ಕಿಸಲು ನೋಡುತ್ತಾರೆ. ಬೇಡವೇ ಬೇಡ. ಹೀಟರಿನ ಪ್ಲೇಟಿನ ಮೇಲೆ ಎಷ್ಟು ಒತ್ತಡ ಬರೆದಿದೆಯೋ ಅಷ್ಟನ್ನೇ ಕೊಡುವ ರೆಗ್ಯುಲೇಟರ್ ಬೇಕು. ಇನ್ನೊಂದು, ಚಳಿ ಜಾಸ್ತಿಯಾದ ರಾತ್ರಿ ಸಿಲಿಂಡರಿನಲ್ಲಿ ಗ್ಯಾಸ್ ಇದ್ದರೂ ಉರಿ ಇಳಿಯುತ್ತದೆ. ಒಳಗಿನ ದ್ರವ ಆವಿಯಾಗುವಾಗ ಸಿಲಿಂಡರ್ ತಣ್ಣಗಾಗಿ ಒತ್ತಡ ಕಡಿಮೆಯಾಗುತ್ತದೆ, ಅಷ್ಟೇ. ಅದಕ್ಕೆ ಬಿಸಿನೀರು ಹೊಯ್ಯುವುದು, ಬೆಂಕಿಯ ಹತ್ತಿರ ಇಡುವುದು ಮಾಡಬೇಡಿ. ಉರಿ ಸಣ್ಣದು ಮಾಡಿ, ಇಲ್ಲವೇ ಸಿಲಿಂಡರ್ ಬದಲಿಸಿ.

ನನಗೆ ನಿಜಕ್ಕೂ ಭಯ ಇರುವುದು ಟಾರ್ಪಾಲಿನದು. ನಮ್ಮಲ್ಲಿ ಮಳೆಗಾಲಕ್ಕೆ ಜಗಲಿಯ ಸುತ್ತ ಟಾರ್ಪಾಲು, ಪ್ಲಾಸ್ಟಿಕ್ ಪರದೆ ಇಳಿಬಿಡುವುದು ರೂಢಿ, ಚಳಿಗಾಲದಲ್ಲೂ ಅದು ಅಲ್ಲೇ ಇರುತ್ತದೆ. ಗಾಳಿಬೀಡು ಕಡೆಯ ಒಬ್ಬ ಅಕ್ಕ ಕೇಳಿದರು, "ಪರದೆ ಇಳಿಸಿ ಒಳಗೆ ಹೀಟರ್ ಹಚ್ಚಿದ್ರೆ ಬೇಗ ಬೆಚ್ಚಗಾಗುತ್ತೆ ಅಲ್ವಾ?" ಬೆಚ್ಚಗಾಗುತ್ತದೆ ಅಕ್ಕಾ, ಆದರೆ ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ, ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬರುತ್ತದೆ ಅಂದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ. ರಾತ್ರಿ ಎರಡು ಪೆಗ್ ಹಾಕಿದ ಅತಿಥಿಗೆ ಹೀಗಾದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಕುಡಿದದ್ದು ಜಾಸ್ತಿಯಾಯಿತು ಅಂತ ಅವರೂ ಸುಮ್ಮನಿರುತ್ತಾರೆ, ನಾವೂ ಸುಮ್ಮನಿರುತ್ತೇವೆ, ಅಷ್ಟರಲ್ಲಿ ಜೀವಕ್ಕೇ ಕುತ್ತು ಬಂದಿರುತ್ತದೆ. ಹಳೆಯ ಮನೆಗಳ ಜಗಲಿಗೆ ಮರದ ಮುಚ್ಚಿಗೆ ಬೇರೆ ಇರುತ್ತದೆ, ಅದರ ಕೆಳಗೆ ಇಷ್ಟು ಕಾಯುವ ತಲೆ ಇಡುವ ಮಾತೇ ಇಲ್ಲ.

ಕಲ್ಲು ಕಟ್ಟಿ ತಗ್ಗಿನಲ್ಲಿ ಮಾಡಿದ ಕ್ಯಾಂಪ್‌ಫೈರ್ ಕಟ್ಟೆಯೂ ಗ್ಯಾಸ್ ಹೀಟರಿಗೆ ಆಗದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲೇ ನಿಲ್ಲುತ್ತದೆ.

ಜ್ವಾಲೆ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ, ವಾಲಿದರೆ ಆಫ್ ಆಗುವ ಸ್ವಿಚ್, ಭಾರವಾದ ಬುಡ. ಈ ಮೂರು ಇಲ್ಲದ ಹೀಟರ್ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬಿಟ್ಟುಬಿಡಿ. ನಮ್ಮ ಮಂಜಿಗೆ ತುಕ್ಕು ಬೇಗ ಹಿಡಿಯುತ್ತದೆ, ಹಾಗಾಗಿ ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲ್ ಮೈಯದೇ ಇರಲಿ. ಮಳೆಗಾಲ ಪೂರ್ತಿ ಮೂಲೆಯಲ್ಲಿದ್ದ ಹೀಟರಿನ ಪೈಲಟ್ ಕೊಳವೆಯಲ್ಲಿ (ಮೊದಲು ಹೊತ್ತುವ ಸಣ್ಣ ಉರಿಗೆ ಗ್ಯಾಸ್ ಒಯ್ಯುವ ಕೊಳವೆ) ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣು ತುಂಬಿರುತ್ತದೆ. ಜಾಲರಿಯ ಹೀಟರಿನಲ್ಲಿ ಹಳದಿ ಉರಿ, ಮಸಿ ಕಂಡರೆ ಕ್ಲೀನ್ ಮಾಡಿಸುವ ತನಕ ಹಚ್ಚಬೇಡಿ. ಸಿಲಿಂಡರ್ ಬದಲಿಸಿದಾಗಲೆಲ್ಲ ಪೈಪಿನ ಜೋಡಣೆಗೆ ಸೋಪು ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತಲೇ.

ಆ ಅಕ್ಕನಿಗೆ ಕೊನೆಗೆ ಅಂಗಳಕ್ಕೆ ಒಂದೇ ಗ್ಯಾಸ್ ಹೀಟರ್ ಸಾಕು ಅಂದೆ, ಗೋಡೆಯ ಮರೆ ಇರುವ ಕಡೆ. ಜಗಲಿಗೆ ಗೋಡೆಗೆ ಹಾಕುವ ಕರೆಂಟ್ ಹೀಟರ್. ಕರೆಂಟ್ ಹೋದರೆ ಕಂಬಳಿ ಕೊಡಿ, ಇಲ್ಲ ಅತಿಥಿಗಳನ್ನು ಒಳಗೆ ಕರೆದು ಕೂರಿಸಿ.