ಪೆಟ್ಟಗಿ ಐತಿ, ದೀಪ ಕೆಂಪೈತಿ

ಮೊನ್ನೆ ಸೋಮವಾರ ಹುಬ್ಬಳ್ಳಿಯಿಂದ ಊರಿಗೆ ಹೋಗಿದ್ದೆ, ಬ್ಯಾಡಗಿ ಕಡೆ ನಮ್ಮೂರು. ಅಪ್ಪಗ ಬೆಳೆಸಾಲಕ್ಕ ಹೊಲದ ಉತಾರ ಬೇಕಾಗಿತ್ತು. ಪಂಚಾಯ್ತಿಗೆ ಹೋದ್ರ ಕಂಪ್ಯೂಟರ್ ಹುಡುಗ ಕೀಬೋರ್ಡ್ ಮ್ಯಾಲೆ ಟವೆಲ್ ಹೊಚ್ಚಿ ಕುಂತಾನ, "ನೆಟ್ ಇಲ್ರೀ ಅಣ್ಣಾರ, ನಾಳೆ ಬರ್ರಿ" ಅಂದ.

ಗ್ವಾಡಿ ಮ್ಯಾಲೆ ನೆಟ್ ಬರೂ ಬಿಳೇ ಪೆಟ್ಟಗಿ ಇತ್ತು, ಧೂಳ ಹಿಡದು ಬೂದಿ ಬಣ್ಣ ಆಗೈತಿ, ಅದರಾಗ ಒಂದು ಕೆಂಪು ದೀಪ ಮಿಣಕ್ ಮಿಣಕ್. ನನ್ನ ಹುಬ್ಬಳ್ಳಿ ರೂಮಿನ್ಯಾಗೂ ಅಂಥಾದ್ದ ಐತಿ, ದೀಪದ ಕೆಳಗ ಎಲ್‌ಓಎಸ್, ಅಂದ್ರ ಲಾಸ್ ಆಫ್ ಸಿಗ್ನಲ್, ಅಂತ ಬರ್ದಿರ್ತಾರ, ಕೆಂಪಾತಂದ್ರ ನೆಟ್ ತರೂ ಗಾಜಿನ ಎಳಿ, ಅಂದ್ರ ಫೈಬರಿನ್ಯಾಗ ಬೆಳಕ ಬರವಲ್ದು ಅಂತ ತಿಳ್ಕೋಬೇಕು.

ಎಲ್ಲಿ ಹರದೈತಿ ಅಂತ ಊರಿಗೆಲ್ಲ ಗೊತ್ತು. ಕೆರಿ ದಾರ್‍ಯಾಗ ಪೈಪ್ ಹಾಕಾಕ ಬಂದ ಜೆಸಿಬಿ ಎಳದ್ ಬಿಟ್ಟೈತಿ, ಕೇಬಲ್ಲಿನ ಪ್ಲಾಸ್ಟಿಕ್ ಪೈಪು ಮಣ್ಣಾಗಿಂದ ಮೊಣಕೈಯಷ್ಟು ಹೊರಗ ಎದ್ದು ನಿಂತಿತ್ತು, ಯಾರೋ ಪುಣ್ಯಾತ್ಮರು ಅದಕ್ಕ ಆಡು ಕಟ್ಟಿದ್ರು!

ಪಂಚಾಯ್ತಿಗೆ ಬರೂ ಈ ಲೈನ್ ಕೇಂದ್ರ ಸರ್ಕಾರದ ಯೋಜನೆದು, 2011ರಾಗ ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್ ಅಂತ ಮಂಜೂರಾಗಿದ್ದು, ಆಮ್ಯಾಲೆ ಭಾರತ್‌ನೆಟ್ ಅಂತ ಹೆಸರಾತು, ಸುಮಾರು ಎರಡೂವರೆ ಲಕ್ಷ ಪಂಚಾಯ್ತಿಗೆ 100 ಎಂಬಿಪಿಎಸ್ ಸ್ಪೀಡಿನ ನೆಟ್ ಮುಟ್ಟಸೂ ಲೆಕ್ಕ. ರೊಕ್ಕ ಅಂದ್ರ ಒಂಥರಾ ನಮ್ಮ ರಿಚಾರ್ಜಿಂದ, ಟೆಲಿಕಾಂ ಕಂಪನಿಗಳು ಆದಾಯದಾಗ 5 ಪರ್ಸೆಂಟ್ ಹಳ್ಳಿಗೆ ಫೋನು-ನೆಟ್ ಮುಟ್ಟಸೂ ಒಂದು ನಿಧಿಗೆ ಕಟ್ಟತಾವು, ಮೊದಲ ಯುಎಸ್‌ಓ ಫಂಡ್ ಅಂತಿದ್ರು, ಈಗ ಡಿಜಿಟಲ್ ಭಾರತ್ ನಿಧಿ. ಇರ್ಲಿ, ಕಟ್ಲಿ. ನನ್ನ ತಕರಾರು ಲೈನ್ ಎಳದ ರೀತಿ ಮ್ಯಾಲೆ. ಮೊದಲನೇ ಹಂತದಾಗ ತಾಲೂಕಿಂದ ಪಂಚಾಯ್ತಿಗೆ ಬರೂದು ಒಂದ ದಾರಿ, ಗಿಡದ ಟೊಂಗಿ ಇದ್ದಂಗ, ನಡಕ ಮುರಿದ್ರ ಮುಂದಿಂದೆಲ್ಲ ಒಣಗತೈತಿ. 2023ರ ಆಗಸ್ಟಿನ್ಯಾಗ 1,39,579 ಕೋಟಿದು ಹೊಸಾ ಪ್ಲಾನ್ ಒಪ್ಪಿದ್ರು, ಅದರಾಗ ಲೈನನ್ನ ಉಂಗುರದಂಗ ಸುತ್ತತಾರಂತ, ಒಂದ ಕಡೆ ಹರದ್ರ ಇನ್ನೊಂದ ಕಡಿಂದ ನೆಟ್ ಬರತೈತಿ, ಮ್ಯಾಲೆ ಹಾಕಿದವರ ಹತ್ತು ವರ್ಷ ರಿಪೇರಿನೂ ನೋಡ್ಕೋಬೇಕು. ಚಲೋನ ಐತಿ, ಆದ್ರ ಇದನ್ನ ಮೊದಲ ಕೇಳಿದ್ರ ನಮ್ಮೂರ ಕೇಬಲ್ ಟಿವಿ ಹುಡುಗನೂ ಹೇಳ್ತಿದ್ದ ಬಿಡ್ರಿ.

ಅಗೀಯೂಕಿಂತ ಮೊದಲ ತಿಳಸ್ರಿ ಅಂತ 2023ರಾಗ 'ಕಾಲ್ ಬಿಫೋರ್ ಯು ಡಿಗ್' ಅಂತ ಆ್ಯಪ್ ಸೈತ ಬಿಟ್ಟಾರ. ಜೆಸಿಬಿ ಇನ್ನಾ ಅಲ್ಲೇ ಇತ್ತು, ಡ್ರೈವರ್‌ಗ ಕೇಳ್ದೆ, "ಕಾಂಟ್ರಾಕ್ಟರ್ ತೋರ್ಸಿದಲ್ಲಿ ಅಗಿಯೂದ್ರೀ ನಂದು" ಅಂದು ಎಲಿ ಅಡಿಕಿ ಹಾಕ್ಕೊಂಡ.

ಕಡೀಕ ನನ್ನ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಕಿಡಕ್ಯಾಗ ಇಟ್ವಿ, ಎರಡು ಕಡ್ಡಿ ಸಿಗ್ನಲ್, ಮೂರನೇ ಸಲಕ್ಕ ಉತಾರ ಬಂತು. ಹಿಂದ ಪಾಳೇಕ ನಿಂತಿದ್ದ ಆರು ಮಂದಿದೂ ಅದರಾಗ ತಗದು ಕೊಟ್ಟ ಹುಡುಗ. ಅಷ್ಟರಾಗ ಆ ಕಂಪ್ಯೂಟರ್ ಎಷ್ಟು ದಿನದಿಂದ ಹಸಕೊಂಡಿತ್ತೋ ಏನೋ, ಸದ್ದಿಲ್ದ ಅಪ್‌ಡೇಟ್ ಹಚ್ಕೊಂಡು ನನ್ನ ದಿನದ ಒಂದೂವರೆ ಜಿಬಿ ಪೂರಾ ಕುಡದ್ ಬಿಟ್ಟಿತ್ತು, ಹುಬ್ಬಳ್ಳಿ ಮುಟ್ಟೂತನಕ ಬಸ್ಸಿನ್ಯಾಗ ಕಿಡಕಿ ನೋಡ್ಕೋತ ಬಂದೆ.